ಗದಿಗೆಪ್ಪನ ನಿಧಾನದ ಶಾಯಿ

ಗದಿಗೆಪ್ಪ ಕೇಳಿದವರಿಗೆಲ್ಲ ಪೆನ್ನು ಕೊಡುತ್ತಿದ್ದ. ಕ್ಯಾಪು ಮಾತ್ರ ಕೊಡುತ್ತಿರಲಿಲ್ಲ. ಕ್ಯಾಪಿಲ್ಲದ ಪೆನ್ನನ್ನು ಯಾರೂ ಮರೆತು ಜೇಬಿಗೆ ಹಾಕಿಕೊಂಡು ಹೋಗುವುದಿಲ್ಲ ಎಂಬುದು ಮುಂಬಯಿಯ ಪೋಸ್ಟಾಫೀಸುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯವೇ. ಉಳಿದವರು ಅದನ್ನು ಜಾಣತನವೆಂದು ಮಾಡಿದರೆ ಗದಿಗೆಪ್ಪ ವ್ರತದಂತೆ ನಡೆಸುತ್ತಿದ್ದ. ಯಾವನೋ ಅಪರಿಚಿತ ಅವನ ಪೆನ್ನಿನಿಂದ ಫಾರ್ಮು ತುಂಬುತ್ತಿದ್ದರೆ ಇವನು ಕ್ಯಾಪು ಹಿಡಿದುಕೊಂಡು, ಮಗುವಿಗೆ ಸೂಜಿ ಚುಚ್ಚಿಸುವಾಗ ತಾಯಿ ನಿಲ್ಲುತ್ತಾಳಲ್ಲ ಹಾಗೆ, ಮುಖ ಕಿವುಚಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದ. ಆ ಮನುಷ್ಯ ಸ್ವಲ್ಪ ಒತ್ತಿ ಬರೆದನೋ, "ಹಗೂರಕ ರೀ, ಹಗೂರಕ" ಎಂದು ಕನ್ನಡದಲ್ಲೇ ಬೇಡಿಕೊಳ್ಳುತ್ತಿದ್ದ. ಆತ ಗುಜರಾತಿಯಾಗಿದ್ದರೂ ಸರಿ.

ಅವನು ಹೋದದ್ದು ಹೋದ ಶ್ರಾವಣದಲ್ಲಿ, ಎಪ್ಪತ್ತೆಂಟನೆಯ ಇಸವಿ. ಐವತ್ತೊಂದು ವಯಸ್ಸು. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಚಾಳಿನ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತುಕೊಳ್ಳುತ್ತೇನೆಂದು ಕೂತ, ಏಳಲಿಲ್ಲ. ಜೇಬಿನಲ್ಲಿ ಮೂರು ಪೆನ್ನಿದ್ದವು. ಮೂರಕ್ಕೂ ಶಾಯಿ ತುಂಬಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ. ಅವನನ್ನು ನೆನೆದ ಕೂಡಲೇ ಚಾಳಿನಲ್ಲಿ ಇವತ್ತಿಗೂ ಯಾರಾದರೊಬ್ಬರು ನಗುತ್ತಾರೆ. ಆ ನಗೆಯ ಕಡೆಯಿಂದಲೇ ಹೇಳುವುದು ಸುಲಭ.

ಬೈಲಹೊಂಗಲದ ಕಡೆಯವನು. ಪರೇಲಿನ ಒಂದು ಮಿಲ್ಲಿನ ಟೈಮ್ ಆಫೀಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಹಾಜರಿ ಪುಸ್ತಕ ಬರೆದ. ಇಷ್ಟು ಸಾವಿರ ಜನರ ಹಾಜರಿಯನ್ನು ಇಷ್ಟು ಚೆಂದದ ಅಕ್ಷರದಲ್ಲಿ ಯಾರಿಗಾಗಿ ಬರೆಯುತ್ತೀ ಎಂದು ಯಾರೋ ಕೇಳಿದಾಗ, ಗೈರುಹಾಜರಾದವನಿಗೂ ಒಂದು ಮರ್ಯಾದೆ ಬೇಡವೇ ಎಂದಿದ್ದನಂತೆ. ಎಪ್ಪತ್ತರ ಹೊತ್ತಿಗೆ ಆಫೀಸಿನಲ್ಲಿ ಉಳಿದವರೆಲ್ಲ ಬಾಲ್‌ಪೆನ್ನಿಗೆ ಬಂದಿದ್ದರು. ಗದಿಗೆಪ್ಪ ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಸಹಿ ಮಾಡೆಂದು ಯಾರಾದರೂ ಬಾಲ್‌ಪೆನ್ನು ಚಾಚಿದರೆ, ಶ್ರಾವಣ ಸೋಮವಾರ ಮೊಟ್ಟೆ ಚಾಚಿದವರನ್ನು ನೋಡುವಂತೆ ನೋಡುತ್ತಿದ್ದ.

ಅವನ ಹತ್ತಿರ ನಲವತ್ತೊಂದು ಪೆನ್ನುಗಳಿದ್ದವು. ಯಾವುದೂ ದೊಡ್ಡ ವಂಶದ್ದಲ್ಲ. ಚೋರ್ ಬಜಾರಿನಲ್ಲಿ ನೆಲದ ಮೇಲೆ ಹರವಿಟ್ಟಿದ್ದರಿಂದ ಆರಿಸಿ ತಂದವು, ಸಾಹೇಬರು ಕಸದ ಬುಟ್ಟಿಗೆ ಎಸೆದವು, ಹಡಗಿನ ಖಲಾಸಿಯೊಬ್ಬ ತಂದುಕೊಟ್ಟ ಚೀನಾದ್ದೊಂದು. ಇದರ ನಿಬ್ಬು ಅದಕ್ಕೆ, ಅದರ ಕ್ಯಾಪು ಇನ್ನೊಂದಕ್ಕೆ ಎಂದು ಮದುವೆ ಮಾಡಿಸಿ ಸಂಸಾರ ಕೂಡಿಸಿದ್ದ. ಎಲ್ಲಕ್ಕೂ ಹೆಸರಿತ್ತು. ಸದಾ ಸೋರುತ್ತಿದ್ದದ್ದು ಅಳುಬುರುಕಿ. ಕಾಗದ ಪರಚುತ್ತಿದ್ದದ್ದು ಸೋದರಮಾವ. ದಪ್ಪಗೆ ಕರ್ರಗೆ ಗಂಭೀರವಾಗಿದ್ದು, ಎಷ್ಟು ಜಾಡಿಸಿದರೂ ಒಂದಕ್ಷರ ಬರೆಯದಿದ್ದದ್ದು ಮ್ಯಾನೇಜರ್ ಸಾಹೇಬ. ಭಾನುವಾರ ಚಾಳಿನ ಗ್ಯಾಲರಿಯಲ್ಲಿ ಕೂತು ಎಲ್ಲವನ್ನೂ ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿ, ನಿಬ್ಬಿನ ಕೆಳಗಿನ ನಾಲಿಗೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಅವತ್ತು ಆ ಮಹಡಿಯ ಮೋರಿಯಲ್ಲಿ ನೀಲಿ ನೀರು ಹರಿಯುತ್ತಿತ್ತು. ಕೆಳಗಿನ ಮನೆಯವರು ಬಿಳಿ ಧೋತರ ಒಣಹಾಕುವ ಮುಂಚೆ ತಲೆಯೆತ್ತಿ, "ಗದಿಗೆಪ್ಪಾ, ಆತೇನೋ ನಿನ್ನ ಮಕ್ಕಳ ಜಳಕಾ?" ಎಂದು ಕೇಳುವ ರೂಢಿ ಮಾಡಿಕೊಂಡಿದ್ದರು.

ಶಾಯಿಯ ಹುಚ್ಚು ಇನ್ನೂ ಮೇಲಿನದು. ಪತ್ರದ ವಿಷಯಕ್ಕೆ ತಕ್ಕ ಬಣ್ಣ ಬೇಕು. ಸಾವಿನ ಕಾಗದಕ್ಕೆ ಕಪ್ಪು, ಮದುವೆ ಮಾತಿಗೆ ನೇರಳೆ, ಚಾಳಿನ ಮಾಲಕನ ಸಂಗಡ ಜಗಳಕ್ಕೆ ಕಡುನೀಲಿ. ಅತ್ತೆಗೆ ಬರೆಯುವಾಗ ನೀಲಿಗೆ ಅರ್ಧದಷ್ಟು ನೀರು ಬೆರೆಸುತ್ತಿದ್ದ; ಅವರು ಪೂರ್ತಿ ಓದುವುದು ಬೇಡವೆಂದು. ಅಂಗಡಿಯ ಶಾಯಿ ಸಾಲದೆ ಮನೆಯಲ್ಲೇ ಮಾಡತೊಡಗಿದ. ಅಳಲೆಕಾಯಿ ಕುಟ್ಟಿ ಕುದಿಸಿ, ಅನ್ನಭೇದಿ ಹಾಕಿ, ಜಾಲಿಯಂಟು ಕರಗಿಸಿ, ಕುಪ್ಪಿಯಲ್ಲಿ ಮಂಚದ ಕೆಳಗೆ ಇಡುತ್ತಿದ್ದ. ಊರಿನ ಹಳೆಯ ಲೆಕ್ಕದ ಪುಸ್ತಕಗಳು ನೂರು ವರ್ಷವಾದರೂ ಮಾಸದಿದ್ದದ್ದು ಈ ಶಾಯಿಯಿಂದಲೇ ಎಂಬುದು ಅವನ ನಂಬಿಕೆ. ಒಮ್ಮೆ ಬೇರೆ ಪಾತ್ರೆ ಸಿಗಲಿಲ್ಲವೆಂದು ಅನ್ನದ ಬೋಗುಣಿಯಲ್ಲೇ ಕುದಿಸಿಬಿಟ್ಟ. ಅದೇ ದಿನ ವಿಕ್ರೋಳಿಯಿಂದ ಬೀಗರು ಊಟಕ್ಕೆ ಬಂದಿದ್ದರು. ಅನ್ನ ಆನೆಯ ಬಣ್ಣಕ್ಕೆ ತಿರುಗಿತ್ತು. ಅದು ಊರಿನ ಹೊಸ ಜಾತಿಯ ಅಕ್ಕಿ ಎಂದು ಗದಿಗೆಪ್ಪ ಹೇಳಿದ. ಬೀಗರು ಬಿಡದೆ ಹೊಗಳಿ ಎರಡನೆಯ ಸಲ ಬಡಿಸಿಕೊಂಡರು.

ಹೆಂಡತಿ ಚನ್ನವ್ವ ಕಡಿಮೆ ಮಾತಿನವಳು. ಹತ್ತು ಅಡಿ ಅಗಲದ ಖೋಲಿಯಲ್ಲಿ ನಲವತ್ತೊಂದು ಪೆನ್ನು, ಹದಿನಾರು ಕುಪ್ಪಿಗಳ ನಡುವೆ ಅವಳು ವರ್ಷದುದ್ದಕ್ಕೂ ಕಾಲು ಒತ್ತರಿಸಿಕೊಂಡು ಓಡಾಡುತ್ತಿದ್ದಳು. ಅವಳದು ಒಂದೇ ಒಂದು ಹಕ್ಕೊತ್ತಾಯ. ಖಂಡೇಪೂಜೆಯ ದಿನ, ಅಂದರೆ ದಸರೆಯ ಹಿಂದಿನ ನವಮಿಗೆ, ಮನೆಯ ಪೆನ್ನುಗಳೆಲ್ಲ ಪೂಜೆಗೆ ಕೂರಬೇಕು. ಅವಳ ತವರಿನಲ್ಲಿ ಕುಡಗೋಲು, ಕೂರಿಗೆ, ತಕ್ಕಡಿಗಳನ್ನು ಹಾಗೆ ಕೂರಿಸುತ್ತಿದ್ದರು. ಇಲ್ಲಿ ಇವನ ಆಯುಧ ಇವೇ ತಾನೆ. ಮಣೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ವಿಭೂತಿ ಕುಂಕುಮ ಹಚ್ಚಿ, ಪಕ್ಕಕ್ಕೆ ಶಾಯಿಯ ಕುಪ್ಪಿಗಳನ್ನು ಜೋಡಿಸಿ, ಚೆಂಡುಹೂ ಏರಿಸಿ, ನಿಂಬೆಹಣ್ಣು ಕೊಯ್ದಿಡುತ್ತಿದ್ದಳು. ಅಲ್ಲಿಂದ ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಗದಿಗೆಪ್ಪನೂ.

ಎಪ್ಪತ್ತೊಂದರ ದಸರೆಗೆ ಇದರಿಂದಲೇ ಎಡವಟ್ಟಾಯಿತು.

ಪರೇಲಿನಲ್ಲಿ ಉತ್ತರ ಕರ್ನಾಟಕದವರದೊಂದು ಸಣ್ಣ ಕನ್ನಡ ಸಂಘವಿತ್ತು. ಪ್ರತಿ ದಸರೆಯ ಸಂಜೆ ಮುನಿಸಿಪಾಲಿಟಿ ಶಾಲೆಯ ಹಾಲಿನಲ್ಲಿ ಅದರ ವಾರ್ಷಿಕೋತ್ಸವ. ಒಬ್ಬ ದೊಡ್ಡ ಮನುಷ್ಯನನ್ನು ಕರೆದು, ಶಾಲು ಹೊದಿಸಿ, ಮಾನಪತ್ರ ಓದಿ, ಚೌಕಟ್ಟು ಹಾಕಿಸಿ ಕೊಡುವುದು ಪದ್ಧತಿ. ಮಾನಪತ್ರ ಬರೆಯುವುದು ಗದಿಗೆಪ್ಪನ ಪಾಲಿನ ಕೆಲಸ. ಆ ವರ್ಷದ ದೊಡ್ಡ ಮನುಷ್ಯ ಸಾಂತಾಕ್ರೂಜಿನ ಬಟ್ಟೆ ವ್ಯಾಪಾರಿ ಅಣವೀರಪ್ಪನವರು. ಅವರ ಮಾನಪತ್ರವನ್ನು ಗದಿಗೆಪ್ಪ ಹನ್ನೊಂದು ದಿನ ಕೂತು ಮೂರು ಬಣ್ಣಗಳಲ್ಲಿ ಬರೆದು ಮುಗಿಸಿದ್ದ. ಆದರೆ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿಗಿಂತ ಅದನ್ನು ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ದಪ್ಪಗೆ ಬಂದುಬಿಟ್ಟಿತ್ತು. ನವಮಿಯ ಮಧ್ಯಾಹ್ನ ಅಣವೀರಪ್ಪನವರ ಗುಮಾಸ್ತ ಬಂದು, ಯಜಮಾನರಿಗೆ ಹೊಟ್ಟೆ ಕೆಟ್ಟಿದೆ, ನಾಳೆಯೂ ಕೆಟ್ಟಿರುತ್ತದೆ ಎಂದು ಹೇಳಿ ಹೋದ.

ಸಂಘದ ಕಾರ್ಯದರ್ಶಿ ನೀಲಕಂಠಪ್ಪ ಗದಿಗೆಪ್ಪನ ಗೆಳೆಯ. ತಲೆಯ ಮೇಲೆ ಕೈ ಹೊತ್ತು ಕೂತವನಿಗೆ ಕೊನೆಗೆ ಬಂಡೆಪ್ಪ ನೆನಪಾದ.

ಬಂಡೆಪ್ಪ ಇಂಡಿ ತಾಲೂಕಿನ ಕಡೆಯವನು, ಅದೇ ಮಿಲ್ಲಿನಲ್ಲಿ ಮಗ್ಗಗಳಿಗೆ ಎಣ್ಣೆ ಹಾಕುತ್ತಿದ್ದ. ಎಲ್ಲರಿಗೂ ಕಾಕಾ. ಸಂಘ ಹುಟ್ಟಿದ ದಿನದಿಂದ ಅದರ ಪ್ರತಿ ಕಾರ್ಯಕ್ರಮಕ್ಕೂ ಕುರ್ಚಿ ಹಾಕುವವನು, ತೆಗೆಯುವವನು, ಬಾಗಿಲಲ್ಲಿ ನಿಂತು ಚಪ್ಪಲಿ ಕಾಯುವವನು ಅವನೇ. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು. ಕೆಲಸ ಮುಗಿದು, ದಸರೆಯ ಮರುದಿನ ಬೆಳಗಿನ ಗಾಡಿಗೆ ಶಾಶ್ವತವಾಗಿ ಊರಿಗೆ, ತಮ್ಮನ ಮನೆಗೆ ಹೊರಟಿದ್ದ. ಮಾನಪತ್ರ ಅವನಿಗೇ ಕೊಡೋಣವೆಂದು ನೀಲಕಂಠಪ್ಪ ಹೇಳಿದಾಗ ಅಲ್ಲಿದ್ದವರಿಗೆಲ್ಲ, ಇದು ಮೊದಲೇ ಯಾಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು.

ನೀಲಕಂಠಪ್ಪನ ಯೋಚನೆ ಸರಳವಾಗಿತ್ತು. ಬರೆದದ್ದು ಸಿದ್ಧವಿದೆ, ಅಣವೀರಪ್ಪನ ಹೆಸರನ್ನು ಬ್ಲೇಡಿನಿಂದ ಕೆರೆದು ಬಂಡೆಪ್ಪ ಎಂದು ಬರೆದರಾಯಿತು. ಹೇಗೂ ಕಾಕಾಗೆ ಓದಲು ಬರುವುದಿಲ್ಲ.

ಆ ಕೊನೆಯ ಮಾತಿಗೆ ಗದಿಗೆಪ್ಪ ಸೆಟೆದ. "ಓದಾಕ ಬರಂಗಿಲ್ಲ ಅಂತ ಮಂದೀದು ಕೊಡತೀಯೇನೋ? ಸಾಂತಾಕ್ರೂಜಿನಾಗ ಮೂರು ಅಂಗಡಿ ಇಟ್ಟಾನ ಅಂತ ಬರದೈತಿ ಅದರಾಗ. ಊರಾಗ ಯಾರರ ಓದಿದ್ರ ಮುದುಕನ ಮಾರಿ ಏನಾಗಬೇಕು? ಮೂವತ್ತು ವರ್ಷ ದುಡದು ಊರಿಗೆ ಒಯ್ಯೂದು ಅದೊಂದ ಚೌಕಟ್ಟು."

ಹೊಸದಾಗಿ ಬರೆದೇ ಕೊಡುತ್ತೇನೆಂದು ಮಾತು ಕೊಟ್ಟು ಮನೆಗೆ ಬಂದ. ಮಣೆಯ ಮೇಲೆ ನಲವತ್ತೊಂದು ಪೆನ್ನುಗಳು ವಿಭೂತಿ ಹಚ್ಚಿಕೊಂಡು ಮಠದ ಸ್ವಾಮಿಗಳಂತೆ ಕೂತಿದ್ದವು.

ಒಂದೇ ಒಂದು, ಕೆಳಗಿನ ಸಾಲಿನದು, ದೇವರಿಗೆ ಕಾಣದ ಹಾಗೆ ತೆಗೆದುಕೊಳ್ಳಲೇ ಎಂದು ಅವನು ಕೇಳಿದ. ಚನ್ನವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ತಿರುಗಿ ನೋಡದೆ ಹೇಳಿದಳು: "ಮುನ್ನೂರಾ ಅರವತ್ಮೂರು ದಿನ ಅವು ನಿಮ್ಮವು ಅದಾವ್ರಿ. ಎರಡು ದಿನ ನನ್ನವು."

ದಸರೆಯ ಬೆಳಿಗ್ಗೆ ಗದಿಗೆಪ್ಪ ಪೆನ್ನು ಕೇಳಿಕೊಂಡು ಚಾಳಿನ ನಾಲ್ಕೂ ಮಹಡಿ ಹತ್ತಿಳಿದ. ಕನ್ನಡದವರ ಮನೆಯಲ್ಲಿ ಪೂಜೆ, ಮರಾಠಿಗರ ಮನೆಯಲ್ಲೂ ಪೂಜೆ. ದರ್ಜಿಯ ಕತ್ತರಿಗೆ ಹೂ, ಕ್ಷೌರಿಕನ ಪೆಟ್ಟಿಗೆಗೆ ಹೂ, ಇಸ್ತ್ರಿಯವನ ಇಸ್ತ್ರಿಪೆಟ್ಟಿಗೆಯೂ ಕೊರಳ ತುಂಬ ಚೆಂಡುಹೂ ಹಾಕಿಕೊಂಡು ತಣ್ಣಗೆ ಕೂತಿತ್ತು. ಬಾಲ್‌ಪೆನ್ನು ಬೇಕಾದರೆ ಇದೆ ಎಂದು ಇಬ್ಬರು ಹೇಳಿದರು. ಮಾನಪತ್ರಕ್ಕೆ ಬಾಲ್‌ಪೆನ್ನು ಎಂಬ ಮಾತು ಕೇಳಿಯೇ ಅವನಿಗೆ ನೀರಡಿಕೆಯಾಯಿತು. ಕೊನೆಗೆ ಬೀದಿ ಮೂಲೆಯ ಇರಾಣಿ ಹೋಟೆಲು ಕಣ್ಣಿಗೆ ಬಿತ್ತು. ಇರಾಣಿ ಸೇಠನಿಗೆ ಖಂಡೇಪೂಜೆಯಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಒಂದು ಒಳ್ಳೆಯ ಪೆನ್ನಿದೆ. ಸೇಠ ಬಹಳ ಹೊತ್ತು ಯೋಚಿಸಿ, ಕ್ಯಾಪು ತಿರುಗಿಸಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡು ಪೆನ್ನು ಚಾಚಿದ.

"ಪೆನ್ ಲೇ ಜಾ. ಢಕ್ಕನ್ ಇಧರ್ ರಹೇಗಾ."

ತನ್ನ ಜೀವಮಾನದಲ್ಲಿ ಗದಿಗೆಪ್ಪ ಎಷ್ಟು ಜನರಿಗೆ ಇದನ್ನೇ ಮಾಡಿದ್ದನೋ, ಅವರೆಲ್ಲರ ಮುಖ ಎದುರಿಗೆ ಬಂದಂತಾಯಿತು. ನಿಬ್ಬು ಒಣಗಬಾರದೆಂದು ಬಾಯಿಯ ಹತ್ತಿರ ಹಿಡಿದು ಉಸಿರು ಊದುತ್ತಾ, ದಸರೆಯ ಜನಜಂಗುಳಿಯಲ್ಲಿ ಮನೆಗೆ ಓಡಿದ. ಯಾರೋ ಅವನು ಕೊಳಲು ನುಡಿಸುತ್ತಿದ್ದಾನೆಂದು ತಿಳಿದರು.

ಈಗ ಶಾಯಿ. ಸೇಠನ ಪೆನ್ನಿನಲ್ಲಿದ್ದ ನಾಲ್ಕು ಹನಿ ಮಾನಪತ್ರಕ್ಕೆ ಸಾಲದು, ತೊಳೆದು ಬೇರೆ ತುಂಬಬೇಕು. ಕುಪ್ಪಿಗಳೆಲ್ಲ ಪೂಜೆಯಲ್ಲಿ. ಮಂಚದ ಕೆಳಗೆ ಹೋದ ವಾರ ಮಾಡಿದ ಅಳಲೆಕಾಯಿ ಶಾಯಿಯ ಒಂದು ಕುಪ್ಪಿ ಮಾತ್ರ ಇನ್ನೂ ಪಕ್ವವಾಗಿಲ್ಲವೆಂದು ಮಣೆಗೆ ಏರಿರಲಿಲ್ಲ. ಈ ಶಾಯಿಯ ಗುಣವೇನೆಂದರೆ, ಬರೆದಾಗ ತೆಳ್ಳಗಿನ ಚಹಾದಂತೆ ಇರುತ್ತದೆ. ಗಾಳಿ ತಾಗಿದಂತೆ ಕಪ್ಪಾಗುತ್ತ ಹೋಗುತ್ತದೆ. ಬರೆಯುವಾಗ ಕಣ್ಣಿಗೆ ಕಾಣಲಿ ಎಂದು ಅವನು ಯಾವಾಗಲೂ ಅದಕ್ಕೆ ಸ್ವಲ್ಪ ಅಂಗಡಿಯ ನೀಲಿ ಬೆರೆಸುತ್ತಿದ್ದ. ನೀಲಿ ಮಣೆಯ ಮೇಲಿತ್ತು. ಇರಲಿ, ಸಂಜೆ ಐದರೊಳಗೆ ಹೇಗೂ ಕಪ್ಪಾಗುತ್ತದೆಂದು ಧೈರ್ಯ ಮಾಡಿದ. ತಳದಲ್ಲಿ ಗಸಿ ಕೂತಿತ್ತು. ಅದು ಕರಗಲೆಂದು ಪೂಜೆಯಲ್ಲಿ ಮಿಕ್ಕಿದ್ದ ಎರಡು ನಿಂಬೆಹೋಳು ಹಿಂಡಿದ. ಹುಳಿ ಹೆಚ್ಚಾದಷ್ಟೂ ಶಾಯಿ ಕಪ್ಪಾಗುವುದು ನಿಧಾನವೆಂದು ಅವನಿಗೆ ಗೊತ್ತಿತ್ತು. ಆ ಹೊತ್ತಿಗೆ ಗೊತ್ತಿರಲಿಲ್ಲ, ಅಷ್ಟೆ.

ಬರೆಯಲು ಕೂತರೆ ಹಸಿ ಅಕ್ಷರ ಹೊಳೆಯುತ್ತದೆ, ಒಣಗಿದ್ದು ಮಾಯವಾಗುತ್ತದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಇರಲಿಲ್ಲ. ಕಾಗದವನ್ನು ಕಿಟಕಿಗೆ ಓರೆ ಹಿಡಿದು, ಕುತ್ತಿಗೆ ತಿರುಚಿ, ಎಲ್ಲಿದ್ದೇನೆಂದು ಅಂದಾಜು ಮಾಡುತ್ತ ಬರೆದ. ಕ್ಯಾಪಿಲ್ಲದ್ದರಿಂದ ನಿಲ್ಲಿಸಿ ಯೋಚಿಸುವಂತಿಲ್ಲ, ಕರಡು ತೆಗೆಯುವಂತಿಲ್ಲ. ಕೈಗೆ ಬಂದ ಮಾನಪತ್ರದ ಭಾಷೆಯೇ ಹರಿಯಿತು: ಕರ್ಮಯೋಗಿಗಳೇ, ಸಮಾಜಸೇವಾ ಧುರಂಧರರೇ, ಸದ್ಗುಣಸಂಪನ್ನರೇ. ಮೂರು ಗಂಟೆಗೆ ಮುಗಿಸಿದಾಗ ಕೈಯಲ್ಲಿದ್ದದ್ದು ಒಂದು ಸ್ವಚ್ಛವಾದ ಬಿಳಿ ಹಾಳೆ.

ನಾಲ್ಕು ಗಂಟೆಗೂ ಬಿಳಿ. ಗ್ಯಾಲರಿಯ ಬಿಸಿಲಿಗೆ ಹಿಡಿದ, ಬಿಳಿ. ನೀಲಕಂಠಪ್ಪ ಬಂದು ನೋಡಿ, ಮೊದಲು ಕನ್ನಡಕ ಒರೆಸಿಕೊಂಡ. ಆಮೇಲೆ ಇಸ್ತ್ರಿ ಮಾಡಿದರೆ ಕಾವಿಗೆ ಮೂಡೀತೆಂದ. ಇಸ್ತ್ರಿಪೆಟ್ಟಿಗೆ ಪೂಜೆಯಲ್ಲಿದೆ ಎಂದು ಗದಿಗೆಪ್ಪ ಹೇಳಬೇಕಾಯಿತು. ಅಣವೀರಪ್ಪನದನ್ನೇ ಕೊಡೋಣವೆಂದರೆ ಅದನ್ನು ಹೋದ ರಾತ್ರಿಯೇ ಸಿಟ್ಟಿನಿಂದ ನಾಲ್ಕು ಚೂರು ಮಾಡಿದ್ದು ಸ್ವತಃ ನೀಲಕಂಠಪ್ಪ. ಬೇರೆ ದಾರಿಯಿಲ್ಲದೆ ಆ ಬಿಳಿ ಹಾಳೆಯನ್ನು ಚೌಕಟ್ಟಿಗೆ ಸೇರಿಸಿ, ಗಾಜು ಒರೆಸಿ, ಇಬ್ಬರೂ ಹಾಲಿಗೆ ಹೊರಟರು. ದಾರಿಯುದ್ದಕ್ಕೂ ಗದಿಗೆಪ್ಪನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಓದಲು ಬಾರದ ಮುದುಕನಿಗೆ ಸಂಘದವರು ಖಾಲಿ ಕಾಗದ ಕೊಟ್ಟು ಕಳಿಸಿದರು ಎಂದು ಊರವರು ನಗುತ್ತಾರೆ. ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ.

ಹಾಲಿನಲ್ಲಿ ಬಂಡೆಪ್ಪ ತನ್ನ ಸನ್ಮಾನಕ್ಕೆ ತಾನೇ ಕುರ್ಚಿ ಹಾಕುತ್ತಿದ್ದ. ಎಳೆದು ತಂದು ವೇದಿಕೆಯ ಮೇಲೆ ಕೂರಿಸಿದರು. ಶಾಲು ಹೊದಿಸಿದರು. ಗದಿಗೆಪ್ಪ ಚೌಕಟ್ಟನ್ನು ಎದೆಗೆ ಎತ್ತಿ ಹಿಡಿದು, ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತಾ ಓದತೊಡಗಿದ. "ಕರ್ಮಯೋಗಿಗಳೇ" ಎಂದ. "ಸಮಾಜಸೇವಾ ಧುರಂಧರರೇ" ಎಂದ. ಆಮೇಲೆ ಏನು ಬರೆದಿದ್ದೆನೆಂಬುದು ಹಾರಿಹೋಯಿತು. ಆ ಹೊಗಳಿಕೆಗಳೆಲ್ಲ ಒಂದೇ ಅಚ್ಚಿನವು. ಯಾವುದರ ಹಿಂದೆ ಯಾವುದು ಬಂದರೂ ನಡೆಯುತ್ತದೆ, ಆದ್ದರಿಂದಲೇ ಯಾವುದೂ ನೆನಪಿರುವುದಿಲ್ಲ. ಮತ್ತೊಮ್ಮೆ "ಕರ್ಮಯೋಗಿಗಳೇ" ಎಂದ. ಹಾಲಿನ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಬಂಡೆಪ್ಪ ತನ್ನದೇ ತಪ್ಪೆಂಬಂತೆ ತಲೆ ತಗ್ಗಿಸಿ ಕೂತಿದ್ದ.

ಆಗ ಗದಿಗೆಪ್ಪ ಚೌಕಟ್ಟಿನ ಮೇಲಿಂದ ಅವನನ್ನು ನೋಡಿ, ಓದುವ ದನಿ ಬಿಟ್ಟು, ಮಾತಾಡುವ ದನಿಯಲ್ಲಿ ಮುಂದುವರಿಸಿದ.

"ಕಾಕಾ ಇಪ್ಪತ್ತೆರಡು ವರ್ಷ ನಮಗ ಕುರ್ಚಿ ಹಾಕ್ಯಾರ. ಯಾವ ಕುರ್ಚೀದು ಕಾಲು ಅಳ್ಳಾಡತೈತಿ ಅಂತ ಅವರಿಗೊಬ್ಬರಿಗೇ ಗೊತ್ತು. ಅದನ್ನ ತಗದು ತಮ್ಮ ಹತ್ರ ಇಟಗೊಂತಾರ. ಅದಕ್ಕ ಅವರು ಕುಂತಿದ್ದು ಯಾರೂ ನೋಡಿಲ್ಲ. ಬಾಗಿಲದಾಗ ನಿಂತು ಎಲ್ಲಾರ ಚಪ್ಪಲಿ ಕಾಯ್ದಾರ. ಇಷ್ಟು ವರ್ಷದಾಗ ಕಳದದ್ದು ಒಂದ ಜೋಡಿ, ಅದು ನಂದು. ಮರುದಿನ ತಮ್ಮ ಚಪ್ಪಲಿ ತಂದು ಕೊಟ್ರು. ನನಗ ದೊಡ್ಡವಾಗಿದ್ದವು. ಇಲ್ಲ ಅನ್ನಾಕ ಆಗಲಿಲ್ಲ, ಒಂದು ವರ್ಷ ಅದರಾಗ ಜಾರಕೋತ ಓಡ್ಯಾಡೇನಿ."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಗದಿಗೆಪ್ಪನೂ ನಕ್ಕ. ಆಮೇಲೆ ಹೇಳಿದ:

"ನಮ್ಮಪ್ಪ ಇಲ್ಲೇ ದವಾಖಾನ್ಯಾಗ ಹೋದಾಗ ಎಲ್ಲಾರೂ ಬಂದು ಏನೇನೋ ಸಮಾಧಾನ ಹೇಳಿದ್ರು. ಕಾಕಾ ಏನೂ ಹೇಳಲಿಲ್ಲ. ಚಹಾ ಕುಡದ ಗ್ಲಾಸೆಲ್ಲಾ ತೊಳದಿಟ್ಟು ಹೋದ್ರು."

ಅಲ್ಲಿ ಅವನು ನಿಂತುಬಿಟ್ಟ. ಮರೆತು ನಿಂತನೋ, ಏನೋ. ಈಗ ಕೇಳೋಣವೆಂದರೆ ಅವನಿಲ್ಲ. ಮೇಲಿನ ಫ್ಯಾನಿನ ಸದ್ದೊಂದು ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ, "ಮರುದಿನಾನೂ ಬಂದ್ರು. ಮತ್ತ ತೊಳದಿಟ್ರು" ಎಂದು ಮುಗಿಸಿದ.

ಚೌಕಟ್ಟನ್ನು ಬಂಡೆಪ್ಪನ ಕೈಗೆ ಕೊಟ್ಟದ್ದೇ, ಮುಂದಿನ ಸಾಲಿನಲ್ಲಿ ಯಾರೋ "ಏನೋ ಇದು, ಖಾಲಿ ಐತಲ್ಲ" ಎಂದದ್ದು ಕೇಳಿಸಿತು. ನೀಲಕಂಠಪ್ಪ ತಕ್ಷಣ ವೇದಿಕೆಯ ದೊಡ್ಡ ಹೂಮಾಲೆಯನ್ನು ಚೌಕಟ್ಟಿನ ಮೇಲೆ ಇಳಿಬಿಟ್ಟ. ಖಾಲಿ ಜಾಗವೇನೋ ಮುಚ್ಚಿತು. ಆದರೆ ಗಾಜು, ಚೌಕಟ್ಟು, ಹೂಮಾಲೆ ಮೂರೂ ಸೇರಿ ಸತ್ತವರ ಫೋಟೋದಂತೆ ಕಾಣತೊಡಗಿತು. ತಡವಾಗಿ ಬಂದ ಇಬ್ಬರು ಹೆಂಗಸರು ಅದಕ್ಕೆ ಕೈಮುಗಿದು, ಯಾವಾಗ ಹೋದರು ಪಾಪ ಎಂದು ಬಂಡೆಪ್ಪನನ್ನೇ ಕೇಳಿದರು. ನಾಳೆ ಬೆಳಿಗ್ಗೆಯ ಗಾಡಿಗೆ ಎಂದು ಅವನು ಹೇಳಿದ.

ಕಾರ್ಯಕ್ರಮ ಮುಗಿದ ಮೇಲೆ, ಮೊಳೆ ಸಡಿಲಾಗಿದೆ, ಬಿಗಿ ಮಾಡಿಸಿ ಟಪಾಲಿನಲ್ಲಿ ಕಳಿಸುತ್ತೇನೆ ಎಂದು ಗದಿಗೆಪ್ಪ ಚೌಕಟ್ಟಿಗೆ ಕೈ ಹಾಕಿದ. ಬಂಡೆಪ್ಪ ಬಿಡಲಿಲ್ಲ. ಗದಿಗೆಪ್ಪ ಒಂದು ಕಡೆ ಹಿಡಿದ, ಅವನು ಇನ್ನೊಂದು ಕಡೆ. ಇಬ್ಬರೂ ನಗುನಗುತ್ತಾ ಎಳೆದಾಡಿ ಹಾಲಿನ ಬಾಗಿಲ ತನಕ ಬಂದರು. ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದ ಕೈ ಮುಂದೆ ಪೆನ್ನು ಹಿಡಿದ ಕೈ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ದಾದರ್ ಸ್ಟೇಷನ್ನಿಗೆ ಹೋದರೆ ಚೌಕಟ್ಟು ಹಾಸಿಗೆಯ ಸುರುಳಿಯೊಳಗೆ ಸೇರಿತ್ತು. ಬಂಡೆಪ್ಪ ಸುರುಳಿಯ ಮೇಲೆಯೇ ಕೂತಿದ್ದ.

ಮುಂದಿನ ಎಂಟು ದಿನ ಗದಿಗೆಪ್ಪ ಮನುಷ್ಯನಂತಿರಲಿಲ್ಲ. ಅದೇ ಶಾಯಿಯಲ್ಲಿ ಅಂಥದೇ ಕಾಗದದ ಮೇಲೆ ಕರ್ಮಯೋಗಿ ಎಂದು ಬರೆದು ಗೋಡೆಗೆ ಹಚ್ಚಿ, ಬೆಳಿಗ್ಗೆ ಎದ್ದೊಡನೆ ಅದನ್ನು ನೋಡುತ್ತಿದ್ದ. ಮೂರನೆಯ ದಿನ ನೊಣದ ಕಾಲಿನಷ್ಟು ಬೂದುಬಣ್ಣ ಬಂತು. ಎಂಟನೆಯ ದಿನ ಬೆಳಿಗ್ಗೆ ಅಕ್ಷರ ಕಾಡಿಗೆಯಂತೆ ಕಪ್ಪಗೆ ನಿಂತಿತ್ತು. ಆ ದಿನ ಅವನು ಆಫೀಸಿಗೆ ಪೇಡೆ ಒಯ್ದು ಹಂಚಿದ. ಯಾಕೆಂದು ಕೇಳಿದವರಿಗೆ, ಮೂಡಿತು ಎಂದಷ್ಟೇ ಹೇಳಿದ. ಮಗು ಹುಟ್ಟಿತೆಂದು ತಿಳಿದು ಎಲ್ಲರೂ ಕೈಕುಲುಕಿದರು.

ದೀಪಾವಳಿ ಕಳೆದ ಮೇಲೆ ಒಂದು ಕಾರ್ಡು ಬಂತು. ಊರಿನ ಶಾಲೆಯ ಮಾಸ್ತರರ ಕೈಯಲ್ಲಿ ಬಂಡೆಪ್ಪ ಬರೆಸಿದ್ದ.

"ಚಿರಂಜೀವಿ ಗದಿಗೆಪ್ಪಗ ಬಂಡೆಪ್ಪನ ಆಶೀರ್ವಾದ. ಚೌಕಟ್ಟಿನಾಗ ಅಕ್ಷರ ಚಲೋ ಮೂಡ್ಯಾವ. ಒಂದು ಸಾಲು ಎರಡು ಸಲ ಐತಿ, ಹೆಚ್ಚಿನ ಮರ್ಯಾದಿ ಅಂತ ತಿಳಕೊಂಡೆ. ಮಾಸ್ತರು ನಾಕು ಸಲ ಓದಿ ಹೇಳಿದ್ರು. ಆದರ ಇದು ನಂದಲ್ಲಪಾ. ಯಾರೋ ಧುರಂಧರ ಅನ್ನಾವರದು. ಗಡಿಬಿಡ್ಯಾಗ ಅದಲಿಬದಲಿ ಆಗೇತಿ. ಅವರು ಪಾಪ ತಮ್ಮದು ಹುಡುಕಾಡತಿರಬಹುದು. ನೀ ಓದಿದ್ಯಲ್ಲ, ಕುರ್ಚೀದು, ಗ್ಲಾಸಿಂದು, ಅದು ನಂದು. ಅದನ್ನ ಕಳಸು. ಇಲ್ಲೆ ಮಂದಿಗೆ ಹೇಳೇನಿ, ನಂಬವಲ್ಲರು."

ಕಾರ್ಡನ್ನು ಗದಿಗೆಪ್ಪ ಎರಡು ಸಲ ಓದಿದ. ತಾನು ಹೇಳಿದ್ದನ್ನು ಬರೆದು ಕಳಿಸಬೇಕು. ಇಲ್ಲದಿದ್ದರೆ ಮುದುಕ ಊರಲ್ಲಿ ಸುಳ್ಳುಗಾರನಾಗುತ್ತಾನೆ. ಆದರೆ ಏನು ಹೇಳಿದ್ದೆ? ಕುರ್ಚಿ ನೆನಪಿತ್ತು, ಗ್ಲಾಸು ನೆನಪಿತ್ತು, ಮಾತು ನೆನಪಿರಲಿಲ್ಲ. ಆವತ್ತು ಬೆವರಿನಲ್ಲಿ ಬಂದದ್ದು ಬೆವರಿನ ಸಂಗಡ ಹೋಗಿತ್ತು. ಸುಮ್ಮನೆ ಏನೋ ಒಂದು ಬರೆದರೆ ಆಗುವುದಿಲ್ಲ. ಬಂಡೆಪ್ಪನಿಗೆ ಓದಲು ಬಾರದು. ಓದಲು ಬಾರದವನ ನೆನಪಿನಲ್ಲಿ ಒಂದಕ್ಷರ ಅಳಿಸಿರುವುದಿಲ್ಲ.

ನೀಲಕಂಠಪ್ಪನನ್ನು ಕೇಳಿದ. ಅವನಿಗೆ ನೆನಪಿದ್ದದ್ದು ಚಪ್ಪಲಿಯ ಮಾತೊಂದೇ, ಅದೂ ಚಪ್ಪಲಿ ನೀಲಕಂಠಪ್ಪನದೆಂದು. ಪ್ರಾರ್ಥನೆ ಹಾಡಿದ ಹುಡುಗಿಯರು ಕುರ್ಚಿಯೆಂದರು. ಹಾಲಿನ ಕಾವಲುಗಾರ, ಅವತ್ತು ಭಾಷಣ ಚಿಕ್ಕದಾಗಿತ್ತು, ಬಹಳ ಚೆನ್ನಾಗಿತ್ತು ಎಂದ. ಮೂರು ದಿನ ಪರೇಲ್ ತಿರುಗಿ, ನಾಲ್ಕು ತೆರನ ನೆನಪು ಹೊತ್ತುಕೊಂಡು ಗದಿಗೆಪ್ಪ ಮನೆಗೆ ಬಂದು, ಇನ್ನು ಆಗುವುದಿಲ್ಲವೆಂದು ಹೆಂಡತಿಯ ಮುಂದೆ ಕೂತ.

ಚನ್ನವ್ವ ಕುಸುಬಿ ಆರಿಸುತ್ತಿದ್ದಳು. ಅವತ್ತು ಅವಳು ಹಾಲಿನಲ್ಲಿ ಹೆಂಗಸರ ಸಾಲಿನ ಕೊನೆಗೆ ಕೂತಿದ್ದಳು ಎಂಬುದೇ ಅವನಿಗೆ ಮರೆತಿತ್ತು. ಮೊರ ಬದಿಗಿಟ್ಟು, ಬರೆದುಕೊಳ್ಳಿ ಎಂದಳು.

ಪೆನ್ನುಗಳೆಲ್ಲ ಈಗ ಬಿಡುವಾಗಿದ್ದವು. ಯಾವುದರಲ್ಲಿ ಬರೆಯಲೆಂದು ಗದಿಗೆಪ್ಪ ಅಳುಬುರುಕಿಯಿಂದ ಹಿಡಿದು ಎಲ್ಲವನ್ನೂ ಹೊರಗೆ ಹರವಿ, ಅಂಗಡಿಯ ಶಾಯಿಯೋ ಮನೆಯ ಶಾಯಿಯೋ ಎಂದು ತೂಗತೊಡಗಿದ. ಬರೆಯುತ್ತೀರೋ ಇಲ್ಲ ಕುಸುಬಿ ಆರಿಸಲೋ ಎಂದು ಅವಳು ಕೇಳಿದ ಮೇಲೆ ಕೈಗೆ ಸಿಕ್ಕದ್ದು ತೆಗೆದುಕೊಂಡ. ಅವಳು ಕಣ್ಣು ಮುಚ್ಚಿ ಒಂದೊಂದೇ ಮಾತು ಹೇಳುತ್ತ ಹೋದಳು. ಕರ್ಮಯೋಗಿಗಳೇ ಎಂದು ಎರಡು ಸಲ ಹೇಳಿದ್ದನ್ನೂ ಬಿಡಲಿಲ್ಲ. ಅದನ್ನು ಬೇಕಾದರೆ ಬಿಡೋಣ ಎಂದ ಅವನು. ಯಾಕೆ ಬಿಡಬೇಕು, ಕಾಕಾ ಅದನ್ನೂ ಕೇಳಿದ್ದಾರೆ ಎಂದಳು ಅವಳು. ಕುರ್ಚಿ ಬಂತು, ಚಪ್ಪಲಿ ಬಂತು, ಜನ ನಕ್ಕದ್ದು ಬಂತು. ಗ್ಲಾಸು ತೊಳೆದಿಟ್ಟು ಹೋದರು ಎಂಬಲ್ಲಿಗೆ ಬಂದು ಅವಳು ಸುಮ್ಮನಾದಳು. ಅವನು ಕಾದ.

"ಮುಂದ?"

"ಇಲ್ಲೆ ನೀವು ಸುಮ್ಮನಾಗಿದ್ರಿ."

"ಅದನ್ನೇನು ಬರೀಲಿ?"

"ಜಾಗಾ ಬಿಡ್ರಿ."

ಎಷ್ಟು ಬಿಡಲಿ ಎಂದು ಕೇಳಿದ. ಅವಳು ಸ್ವಲ್ಪ ಯೋಚಿಸಿ, ಕಾಗದದ ಮೇಲೆ ಎರಡು ಬೆರಳು ಅಡ್ಡ ಇಟ್ಟು ತೋರಿಸಿದಳು. ಗದಿಗೆಪ್ಪ ಎರಡು ಸಾಲಿನಷ್ಟು ಜಾಗ ಬಿಟ್ಟು, ಕೆಳಗೆ ಉಳಿದದ್ದನ್ನು ಬರೆದು ಮುಗಿಸಿದ. ಬಿದಿರಿನ ನಳಿಗೆಯಲ್ಲಿ ಸುತ್ತಿ, ಮೇಲೆ ಬಟ್ಟೆ ಹೊಲಿದು ರಿಜಿಸ್ಟರ್ ಟಪಾಲಿಗೆ ಹಾಕಿದ.

ಒಂದು ತಿಂಗಳಿಗೆ ಉತ್ತರ ಬಂತು. ಈ ಸಲ ಮಾಸ್ತರರು ತಮ್ಮ ಮಾತಿನಲ್ಲೇ ಬರೆದಿದ್ದರು:

"ತಮ್ಮ ಪತ್ರ ಮುಟ್ಟಿತು. ಚಾವಡಿಯಲ್ಲಿ ಎಲ್ಲರೆದುರು ಓದಿದೆ. ಬಂಡೆಪ್ಪನು ಇದೇ ನನ್ನದು ಎಂದು ಒಪ್ಪಿಕೊಂಡಿರುವನು. ಆದರೆ ನಡುವೆ ಎರಡು ಸಾಲಿನ ಜಾಗದಲ್ಲಿ ಅಕ್ಷರ ಮೂಡಿಲ್ಲ. ಹಿಂದಿನದರ ಅನುಭವದಿಂದ ಹದಿನೈದು ದಿನ ಬಿಸಿಲಿಗಿಟ್ಟು ಕಾದೆ. ಮೂಡಲಿಲ್ಲ. ಮುಂಬಯಿಗೆ ತಿಳಿಸಲೇ ಎಂದು ಬಂಡೆಪ್ಪನನ್ನು ಕೇಳಿದ್ದಕ್ಕೆ, 'ಅಲ್ಲೆ ಅವ ಸುಮ್ನ ನಿಂತಿದ್ದರಿ, ಅದು ಬರೋಬ್ಬರಿ ಐತಿ, ಓದೂ ಮುಂದ ನೀವೂ ಅಲ್ಲೆ ಸ್ವಲ್ಪ ನಿಲ್ಲರಿ' ಎಂದನು. ಹಾಗೆಯೇ ನಿಲ್ಲುತ್ತಿದ್ದೇನೆ. ಆದರೂ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಬರೆದಿರುವೆ."